ಎರಡು ಬಳೆಗಳ ನಡುವಿನ ಪರದೆ

ವಿದ್ಯಾಗಿರಿ, ಬಾಗಲಕೋಟೆ
೧೯ ಅಕ್ಟೋಬರ್ ೧೯೮೬

ಇಳಕಲ್ಲಿನ ಸೀರೆ ಅಂಗಡಿಯ ಯಜಮಾನರಿಗೆ ಸಾವಿತ್ರೆವ್ವನ ಶರಣು.

ಗಂಡನ ಹೆಸರು ಬರೆದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅತ್ತೆಯವರು ಹೇಳುತ್ತಿದ್ದರು. ನಿಮ್ಮ ಮೇಲೆ ಎಷ್ಟೇ ಸಿಟ್ಟಿದ್ದರೂ ಆ ಪ್ರಯೋಗ ಮಾಡಲಾರೆ.

ನಿಮ್ಮ ಕಾಗದ ಮುಟ್ಟಿತು. ದೀಪಾವಳಿಯೊಳಗೆ ನೌಕರಿ ಬಿಟ್ಟು ಬರಬೇಕು, ಇಲ್ಲವಾದರೆ ಅತ್ತೆಯವರು ನನ್ನ ಕೈಗೆ ಹಾಕಿದ ಬಂಗಾರದ ಪಾಟ್ಲಿಗಳನ್ನು ತಿರುಗಿ ಕಳಿಸಬೇಕು ಎಂದಿದ್ದೀರಿ. ಓದಿ ಕಣ್ಣೀರು ಬಂತು, ಆಮೇಲೆ ಸಿಟ್ಟು ಬಂತು. ಪಾಠಕ್ಕೆ ಹೊತ್ತಾಯಿತೆಂದು ಕಾಲೇಜಿಗೆ ಹೋದೆ.

ಅಲ್ಲಿನ ಹೊಸ ಕಂಪ್ಯೂಟರಿನಿಂದ ನಾನೊಂದು ಚಿತ್ರ ತೆಗೆಸುತ್ತಿದ್ದೆ. ಎದುರುಬದುರು ಎರಡು ಉಂಗುರ ಹಿಡಿದು ನಡುವೆ ಸಾಬೂನು ನೀರಿನ ಪರದೆ ಕಟ್ಟಿದರೆ ಅದು ಯಾವ ಆಕಾರ ತಾಳುತ್ತದೆಂದು ಗಣಿತದ ಒಂದು ಅವಕಲ ಸಮೀಕರಣ ಹೇಳುತ್ತದೆ. ಕಂಪ್ಯೂಟರು ಅದನ್ನು ಬಿಡಿಸಿ ಚುಕ್ಕಿಗಳಲ್ಲಿ ಹಾಳೆಯ ಮೇಲೆ ಇಳಿಸಬೇಕು. ದಸರೆಗೆ ಮೊದಲಿನಿಂದಲೂ ಬರೀ ಖಾಲಿ ಹಾಳೆ ಬರುತ್ತಿತ್ತು. ಲೆಕ್ಕದಲ್ಲಿ ತಪ್ಪು ಹುಡುಕಿ ಹುಡುಕಿ ಸೋತಿದ್ದೆ. "ಮಿಶಿನ್ನು ಸಿಟ್ಟು ಮಾಡ್ಕೊಂಡು ತವರಮನಿಗೆ ಹೋದಂಗ ಕಾಣ್ತೈತ್ರಿ, ಮೇಡಮ್ಮಾರ" ಎಂದ ಜವಾನ ಹುಲ್ಲಪ್ಪ. ಪಾಪ, ಅವನಿಗೇನು ಗೊತ್ತು.

ಅದೇ ಸಂಜೆ ಬಚ್ಚಲಿನಲ್ಲಿ ಎರಡು ಬಳೆಗಳು ಸಾಬೂನು ನೀರಿನಲ್ಲಿದ್ದವು. ಎತ್ತಿದರೆ ನಡುವೆ ಪರದೆ. ಮೆಲ್ಲಗೆ ದೂರ ಸರಿಸಿದೆ. ಪರದೆ ಡಮರುವಿನ ಹಾಗೆ ಸೊಂಟ ಸಣ್ಣ ಮಾಡಿಕೊಂಡು ಚಾಚಿಕೊಂಡಿತು. ಇನ್ನೂ ಸರಿಸಿದೆ, ಪಟ್ಟನೆ ಒಡೆಯಿತು. ಆಗ ತಿಳಿಯಿತು, ಲೆಕ್ಕ ತಪ್ಪಿರಲಿಲ್ಲ. ಕಂಪ್ಯೂಟರಿಗೆ ಕೊಟ್ಟ ಅಳತೆಯಲ್ಲಿ ನಾನೇ ಉಂಗುರಗಳನ್ನು ಬಹಳ ದೂರ ಇಟ್ಟಿದ್ದೆ. ಅಷ್ಟು ದೂರಕ್ಕೆ ಪರದೆಯೇ ನಿಲ್ಲುವುದಿಲ್ಲ. ಮರುದಿನ ತುಸು ಹತ್ತಿರ ತಂದೆ, ಚಿತ್ರ ಬಂತು. ಇದರೊಡನೆ ಇಟ್ಟಿದ್ದೇನೆ, ಮಡಿಕೆ ಬಿಚ್ಚಿ ನೋಡಿ. ಉಂಗುರಗಳು ಒಂದಕ್ಕೊಂದು ಅಂಟಿಕೊಂಡಿಲ್ಲ. ಅಳತೆ ಮೀರಿಲ್ಲ, ಅಷ್ಟೇ.

ನೀವು ಅಂಗಡಿ ಬಿಡಲಾರಿರಿ, ನಾನು ಪಾಠ ಬಿಡಲಾರೆ. ಹುನಗುಂದದ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಮನೆ ನೋಡಿ ಬಂದಿದ್ದೇನೆ. ನಿಮಗೆ ಹತ್ತಿರ, ನನಗೆ ದೂರ. ದಿನವೂ ಬಸ್ಸಿನಲ್ಲಿ ಕುಲುಕಾಡುವುದು ನನ್ನ ಪಾಲಿಗಿರಲಿ. "ಎರಡು ಊರಾಗ ಎರಡು ಒಲಿ ಉರದ್ರ ಅದು ಸಂಸಾರ ಅಲ್ಲ" ಎಂದಿದ್ದಿರಿ. ಖರೆ. ಒಂದೇ ಒಲೆ ಹಚ್ಚೋಣ. ನಿಮ್ಮನ್ನು ಬಿಟ್ಟಿರುವುದು ನನಗೂ ಸಾಕಾಗಿದೆ. ಬರುವ ರವಿವಾರ ಬಂದು ಮನೆ ನೋಡಿ.

ನಿಮ್ಮ
ಸಾವಿತ್ರೆವ್ವ

ತಾ.ಕ.: ಬಚ್ಚಲಿನಲ್ಲಿದ್ದ ಬಳೆಗಳು ಆ ಪಾಟ್ಲಿಗಳೇ. ನಿಮಗೆ ಕಳಿಸಬೇಕೆಂದು ಸಾಬೂನು ಹಚ್ಚಿ ಕೈಯಿಂದ ತೆಗೆದಿದ್ದೆ. ಈಗ ತಿರುಗಿ ಹಾಕಿಕೊಂಡಿದ್ದೇನೆ. ಬಹಳ ಬಿಗಿ. ಬೇಕೇ ಬೇಕೆಂದರೆ ಸಾಬೂನು ಹಿಡಿದುಕೊಂಡು ನೀವೇ ಬರಬೇಕು.