ಹಿಂದಿನ ಕೋಣೆಯ ಹಾಲು

6 ನವೆಂಬರ್ 1981, ಶುಕ್ರವಾರ. ಬೆಟಗೇರಿ

ಬೆಳಗಿನ ನಮಾಜು ಮುಗಿಸಿ ಅತ್ತೆಗೆ ಬಿಸಿನೀರು. ಬೆನ್ನು ಒರೆಸಿ ಪೌಡರ್ ಹಾಕಿದೆ. ಸೊಂಟ ಮುರಿದುಕೊಂಡು ಮಲಗಿದಾಗಿನಿಂದ ಇದೇ ಕೆಲಸ. ಗಂಜಿ ಬೇಡವಂತೆ. ಆಲೂಗಡ್ಡೆ ಕುದಿಸಿ ಉಪ್ಪು ಹಾಕಿ ಕೊಡಬೇಕಂತೆ. ನೂಲಿಗೆ ಬಣ್ಣ ಹಾಕುವ ಕೆಲಸ ಕಲಿಯಲು ಜರ್ಮನಿಗೆ ಹೋದ ಮಾವ ಇವರನ್ನು ನಿಕಾಹ್ ಮಾಡಿಕೊಂಡು ಕರೆತಂದು ಐವತ್ತು ವರ್ಷದ ಮೇಲಾಯಿತು. ಮರಿಯಾ ಹೋಗಿ ಮರಿಯಂಬಿ ಆದರು. ನಾಲಗೆಯ ರುಚಿ ಮಾತ್ರ ಅಲ್ಲೇ ಉಳಿದಿದೆ.

ಪಕ್ಕದ ನೇಕಾರರ ಸಾವಿತ್ರೆವ್ವ ಬಂದಿದ್ದಳು. "ಅಮ್ಮಾ, ಸ್ವಲ್ಪ ಖಾರ ತಿನ್ರಿ. ಎದ್ದು ಓಡಾಕ ಹತ್ತತೀರಿ."

"ನಿನ್ನ ಖಾರ ತಿಂದ್ರ ಓಡೂದು ಖರೆ. ಎಲ್ಲಿಗಿ ಅಂತ ಕೇಳಬ್ಯಾಡ," ಎಂದರು ಅತ್ತೆ.

ನಕ್ಕೆವು. ಅವಳು ಹೋದ ಮೇಲೆ ಅತ್ತೆ ನನ್ನ ಕೈ ಹಿಡಿದರು.

"ದಿಲಶಾದ, ನಾ ಸತ್ತಾಗ ನೀನ ನನ್ನ ಮೈಗೆ ನೀರು ಹಾಕಬೇಕು. ಸೊಸಿ ಅಂತಲ್ಲ, ಮಗಳು ಅಂತ."

ಆಗಲಿ ಎಂದೆ.

"ಬಾಯಿಮಾತಿಗೆ ಹೇಳಾಕತ್ತಿಲ್ಲ. ಕೂಸಿದ್ದಾಗ ನನ್ನ ಹಾಲು ಕುಡದೀದಿ ನೀ."

ಅದೇ ದಿನ, ಮಧ್ಯಾಹ್ನ

ಬರೆಯದಿದ್ದರೆ ತಲೆ ನಿಲ್ಲುವುದಿಲ್ಲ.

ಹಿರೇವಡ್ಡಟ್ಟಿಯಲ್ಲಿ ನನ್ನ ತಾಯಿ ಬಾಣಂತಿ ಜ್ವರದಿಂದ ತೀರಿಕೊಂಡ ವಾರವಂತೆ. ನೂಲಿನ ವ್ಯಾಪಾರಕ್ಕೆ ಮಾವ ನಮ್ಮ ಮನೆಗೆ ಬಂದು ಇಳಿದಿದ್ದರು. ಅತ್ತೆಯೂ ಜೊತೆಗಿದ್ದರು. ಸ್ವಲ್ಪ ದಿನದ ಹಿಂದೆ ಇವರ ಎಳೆ ಹೆಣ್ಣುಕೂಸು ಹೋಗಿತ್ತು. ಎದೆಯಲ್ಲಿ ಹಾಲು ಕಟ್ಟಿ ನೋವು. ನಾನು ಹಸಿದು ಅಳುತ್ತಿದ್ದೆ. ಹಿಂದಿನ ಕೋಣೆಗೆ ಎತ್ತಿಕೊಂಡು ಹೋಗಿ ಬಾಗಿಲು ಹಾಕಿಕೊಂಡರಂತೆ. ಮರುದಿನವೂ. ಅದರ ಮರುದಿನವೂ. ಪರದೇಶಿ ಹೆಂಗಸು ಹಾಲು ಕೊಟ್ಟಳು ಅಂತ ಜನ ಏನು ಅಂದಾರೋ ಎಂದು ಯಾರಿಗೂ ಹೇಳಲಿಲ್ಲ.

"ಮುಂದ ಮಗನಿಗೆ ನನ್ನ ಮಾಡ್ಕೊಂಡ್ರೆಲ್ಲ ಅತ್ತಿ... ಆವಾಗ ಏನೂ ಅನಸಲಿಲ್ಲೇನು?"

"ಯಾಕ ಅನಸಲಿಲ್ಲ? ಖುಷಿ ಆತು. ನಾ ಹಾಲು ಕೊಟ್ಟ ಕೂಸು ನನ್ನ ಮನಿಗೇ ಬಂತು ಅಂತ."

ಒಬ್ಬಳ ಹಾಲು ಕುಡಿದವರು ಒಡಹುಟ್ಟಿದವರ ಲೆಕ್ಕ. ಅವರ ನಡುವೆ ನಿಕಾಹ್ ಹರಾಮ್. ನಮ್ಮಲ್ಲಿ ಸಣ್ಣ ಹುಡುಗಿಯರಿಗೂ ಗೊತ್ತು. ಇವರಿಗೆ ಕಲಿಮಾ ಕಲಿಸಿದರು, ನಮಾಜು ಕಲಿಸಿದರು, ಸೀರೆ ಉಡಿಸಿದರು. ಇದೊಂದನ್ನು ಯಾರೂ ಹೇಳಲಿಲ್ಲ. ಗೊತ್ತೇ ಇರುತ್ತದೆ ಅಂದುಕೊಂಡಿರಬೇಕು.

ನಾನೂ ಹೇಳಲಿಲ್ಲ. ಅಷ್ಟು ಖುಷಿಯಿಂದ ನನ್ನ ಮುಖ ನೋಡುತ್ತಿದ್ದರು.

9 ನವೆಂಬರ್, ಸೋಮವಾರ

ಅತ್ತೆಯ ಕೋಣೆಯಲ್ಲೇ ಚಾಪೆ ಹಾಸಿಕೊಳ್ಳುತ್ತಿದ್ದೇನೆ. ಊಟಕ್ಕೆ ಕೂತಾಗ ಮನೆಯವರು ಕೇಳಿದರು.

"ತಾಟು ಇಟ್ಟು ಹಿಂದ ಸರೀತಿಯಲ್ಲ, ನನಗೇನು ಕಜ್ಜಿ ಆಗೇತೇನು?"

"ಅತ್ತಿಗೆ ಹಗಲೂ ರಾತ್ರಿ ನಾ ಬೇಕು. ದಣಿವಾಗೇತಿ."

"ದಣಿದವರ ಮಾರಿ ಇಲ್ಲ ಇದು. ಸಿಟ್ಟಿದ್ರ ಬೈ. ಸುಮ್ಮಕಿರಬ್ಯಾಡ."

ಸಿಟ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು. ಹದಿನಾರಕ್ಕೆ ಈ ಮನೆಗೆ ಬಂದವಳು. ಶಿರಹಟ್ಟಿಗೆ ಕೊಟ್ಟ ಮಗಳು ಜನ್ನತಬಿಗೇ ಈಗ ಮಕ್ಕಳಿವೆ. ಈ ಮನುಷ್ಯನನ್ನು ಏನೆಂದು ನೋಡಲಿ. ಯಾ ಅಲ್ಲಾ, ನನಗೆ ತಿಳಿಯದೆ ಆದದ್ದು.

13 ನವೆಂಬರ್, ಶುಕ್ರವಾರ

ಮೌಲ್ವಿ ಸಾಹೇಬರ ಮನೆಗೆ ಹೋದೆ. ಪರದೆಯ ಈಚೆ ಕೂತು, ಪರಿಚಯದ ಒಬ್ಬಳ ಸಂಗತಿ ಎಂದು ಕೇಳಿದೆ.

"ಒಬ್ಬ ಹೆಣ್ಣುಮಗಳ ಮಾತಿನ ಮ್ಯಾಲೆ ಕಾಜಿ ನಿಕಾಹ್ ಮುರಿಯೂದಿಲ್ಲ ಯವ್ವಾ. ಆದ್ರ ಆಕಿ ಮನಸ್ಸಿಗೆ ಖಾತ್ರಿ ಆಗಿದ್ರ, ಗಂಡನಿಂದ ದೂರ ಇರಬೇಕು. ತಿಳೀದ ಆಗಿದ್ದಕ್ಕ ಗುನಾ ಇಲ್ಲ. ಮಕ್ಕಳಿಗೂ ಏನೂ ಇಲ್ಲ."

"ದೂರ ಅಂದ್ರ ಮನಿ ಬಿಡಬೇಕೇನ್ರಿ?"

"ಅಣ್ಣ ತಂಗಿ ಒಂದ ಮನ್ಯಾಗ ಇರೂದಿಲ್ಲೇನು?"

ಖಾತ್ರಿ. ಅತ್ತೆಗೆ ವಯಸ್ಸಾಗಿದೆ. ಒಮ್ಮೊಮ್ಮೆ ಮಾವ ಬದುಕಿದ್ದಾರೆ ಎಂದುಕೊಂಡು ಚಹಾ ಮಾಡು ಎನ್ನುತ್ತಾರೆ. ಬೇರೆ ಯಾವುದೋ ಕೂಸಿರಬಹುದು. ಹಾಗೇ ಇರಲಿ ದೇವರೇ.

17 ನವೆಂಬರ್, ಮಂಗಳವಾರ

ಅತ್ತೆಯನ್ನು ಸಾವಿತ್ರೆವ್ವನಿಗೆ ಒಪ್ಪಿಸಿ ಹಿರೇವಡ್ಡಟ್ಟಿಗೆ ಹೋಗಿ ಬಂದೆ. ನನ್ನ ಸೋದರತ್ತೆ ಬೀಬಿಜಾನ ಇನ್ನೂ ಗಟ್ಟಿ. ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು.

"ನಮ್ಮವ್ವ ಸತ್ತಾಗ ನನಗ ಹಾಲು ಯಾರು ಕೊಟ್ರು?"

"ಯಾರು ಕೊಡ್ತಾರ? ಆಡಿನ ಹಾಲು. ಅರಿವಿ ಬತ್ತಿ ಮಾಡಿ ಹಾಕತಿದ್ದೆ. ಉಗುಳತಿದ್ದಿ ಮೂಳಿ." ಆಮೇಲೆ ಕೈ ನಿಂತಿತು. "ನಿಮ್ಮ ಅತ್ತಿ ಬಂದಿದ್ಲು ಆವಾಗ. ನಿನ್ನ ಒಳಗ ಒಯ್ದು ಬಾಗಲಾ ಹಾಕ್ಕೋತಿದ್ಲು. ಅಳೂದು ನಿಂದರತಿತ್ತು. ಆಕಿ ಊರಿಗೆ ಹ್ವಾದ ಮ್ಯಾಲೆ ಬತ್ತಿ ಬಾಯಿಗಿ ತಂದ್ರ ಮಾರಿ ತಿರವತಿದ್ದಿ."

"ಕಣ್ಣಲೆ ಕಂಡೀಯೇನು?"

"ಬಾಗಲಾ ಹಾಕಿತ್ತು ಅಂದ್ನೆಲ್ಲ." ನನ್ನನ್ನೇ ನೋಡಿದಳು. ಅವಳಿಗೂ ಈಗಲೇ ಹೊಳೆದಂತಿತ್ತು. "ನಾ ಏನೂ ಕಂಡಿಲ್ಲ. ಯಾರರ ಕೇಳಿದ್ರ ನೀನೂ ಹಂಗ ಹೇಳು. ಮನಿಗಿ ಹೋಗು."

ಬಸ್ಸಿನಲ್ಲಿ ಕಿಟಕಿಗೆ ತಲೆ ಇಟ್ಟು ಕೂತೆ. ಖಾತ್ರಿ ಆಯಿತು.

24 ನವೆಂಬರ್, ಮಂಗಳವಾರ

ಅತ್ತೆಗೆ ಜ್ವರ. ಹಳೆಯದೆಲ್ಲ ಬಾಯಿಗೆ ಬರುತ್ತಿದೆ. ಲಡಾಯಿ ಕಾಲದಲ್ಲಿ ಇವರು ಜರ್ಮನಿಯವರೆಂದು ಪೊಲೀಸರು ಬಂದು ರೇಡಿಯೋ ಎತ್ತಿಕೊಂಡು ಹೋದದ್ದು. ಜರ್ಮನಿಯ ತಾಯಿ ಸತ್ತ ಸುದ್ದಿ, ಸತ್ತು ಎಷ್ಟೋ ಕಾಲದ ಮೇಲೆ ಮುಟ್ಟಿದ್ದು. ಮಣ್ಣಿಗೆ ಹಾಕಿದ ಎಳೆ ಕೂಸು.

"ಒಂದ್ ಹ್ವಾತು, ಒಂದ್ ಬಂತು," ಎಂದು ನನ್ನ ಕೆನ್ನೆ ಮುಟ್ಟಿದರು.

ನಾನು ಬಾಯಿ ಬಿಟ್ಟರೆ ಈ ಖುಷಿಯೇ ಇವರಿಗೆ ಪಾಪವಾಗುತ್ತದೆ. ಬಿಡದಿದ್ದರೆ... ಕಾಜಿ ಕೇಳುವುದಿಲ್ಲ, ಬೀಬಿಜಾನ ಹೇಳುವುದಿಲ್ಲ. ಅತ್ತೆ ಹೋದ ಮೇಲೆ ನನ್ನನ್ನು ಬಿಟ್ಟರೆ ಯಾರಿಗೂ ಗೊತ್ತಿರುವುದಿಲ್ಲ. ಚಾಪೆ ಸುತ್ತಿ ಮೊದಲಿನ ಹಾಗೆ ಇದ್ದುಬಿಡಬಹುದು. ಇವತ್ತು ನಮಾಜಿಗೆ ನಿಂತಾಗಲೂ ಅದೇ ಯೋಚನೆ. ತೌಬಾ.

12 ಡಿಸೆಂಬರ್, ಶನಿವಾರ, ಸಂಜೆ

ಅತ್ತೆ ಬೆಳಿಗ್ಗೆ ತೀರಿಕೊಂಡರು. ನನ್ನ ತೋಳಿನಲ್ಲೇ.

ನೀರು ಹಾಕಲು ಅಂಗಳದಲ್ಲಿ ಪರದೆ ಕಟ್ಟಿದರು. ಮಯ್ಯತ್ತು ತೊಳೆಯುವ ಗುಲಾಬಬಿ ಬಂದಳು. ಪರದೆಯ ಆಚೆ ನಮ್ಮ ಮನೆಯವರು, ಉಳಿದ ಗಂಡಸರು.

"ಮೊದಲ ನೀರು ಮಗಳದು. ಇವರಿಗೆ ಮಗಳು ಇಲ್ಲಲ್ಲ, ನಾನ ಸುರು ಮಾಡ್ತೀನಿ. ಸೊಸಿ, ನೀ ಆಮ್ಯಾಲೆ ಹಾಕವಾ," ಎಂದಳು.

ತಂಬಿಗೆಗೆ ಕೈ ಹಾಕಿದೆ. ಸುಮ್ಮನೆ ಹಿಂದೆ ಸರಿದಿದ್ದರೂ ಆಗುತ್ತಿತ್ತು. ಅತ್ತೆಯ ಮುಖ ಕಂಡಿತು.

"ಮಗಳು ಅದಾಳ. ನಾ ಇವರ ಹಾಲು ಕುಡದಾಕಿ."

ಗುಲಾಬಬಿ ಬಾಯಿಗೆ ಸೆರಗು ಇಟ್ಟಳು. ಪರದೆಯ ಆಚೆ ಮಾತು ನಿಂತಿತು. ನಾನು ಬಿಸ್ಮಿಲ್ಲಾ ಹೇಳಿ ನೀರು ಹಾಕಿದೆ.

ಕಬರಸ್ತಾನದಿಂದ ಬಂದು ಅವರು ಬಾಗಿಲಲ್ಲೇ ನಿಂತರು.

"ಅಮ್ಮಾನ ಹೇಳಿದ್ಲಾ?"

"ಹೂಂ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ಅವರ ಮುಂದ ನಿಮ್ಮ ಮಾರಿ ಮೊದಲಿನಂಗ ಇರತಿರಲಿಲ್ಲ. ತಾ ಮಾಡಿದ್ದು ತಪ್ಪು ಅನಕೋತ ಸಾಯಬಾರದಿತ್ತು."

ಅವರು ಒಳಗೆ ಹೋಗಿ ತಮ್ಮ ಹಾಸಿಗೆ ಸುತ್ತಿಕೊಂಡು ಬಂದು ಬಣ್ಣದ ಭಟ್ಟಿಯ ಪಡಸಾಲೆಯಲ್ಲಿ ಹಾಸಿಕೊಂಡರು. ಅಲ್ಲೇ ಕೂತಿದ್ದಾರೆ. ಬೆನ್ನು ಕಾಣುತ್ತದೆ.

ಈಗ ಕೂಗಿದರು. ಯಾವಾಗಿನ ಹಾಗೆ "ಏ, ನೀರು ತಾ" ಅನ್ನಲು ಹೋಗಿ, "ಏ" ಅಂದವರು ಅಲ್ಲಿಗೇ ನಿಲ್ಲಿಸಿದರು. ತಂಬಿಗೆ ತುಂಬಿಸಿಟ್ಟಿದ್ದೇನೆ. ಕೊಡಬೇಕು. ಹೋಗಿ ಎದುರು ನಿಂತು ನಾನು ಅವರನ್ನು ಏನೆಂದು —