ಅಜ್ಜಿ ಬರೆಸಿದ ಕಾಗದ

ನಗರಗೆರೆ
16-12-2006

ಸೋದರತ್ತೆ ಜ್ಯೋತಿಲಕ್ಷ್ಮಿಯವರಿಗೆ, ಮೇಲೂರಿನ ಚನ್ನಕೇಶವರ ಮಗಳು ಶಿರೀಷಾ ಮಾಡುವ ನಮಸ್ಕಾರಗಳು.

ನನ್ನ ಅಕ್ಷರ ಚೆನ್ನಾಗಿಲ್ಲ. ಕಾಗುಣಿತದ ತಪ್ಪುಗಳೂ ಇರುತ್ತವೆ. ದಯವಿಟ್ಟು ಬೇಸರ ಮಾಡಿಕೊಳ್ಳದೆ ಕೊನೆಯವರೆಗೆ ಓದಿ. ಐದನೇ ಕ್ಲಾಸು ಮುಗಿದ ಮೇಲೆ ನನ್ನನ್ನು ಸ್ಕೂಲು ಬಿಡಿಸಿದರು, ರೇಷ್ಮೆ ಹುಳುವಿಗೆ ಸೊಪ್ಪು ಹಾಕಲು ಮನೆಯಲ್ಲಿ ಕೈ ಸಾಲದು ಅಂತ. ಆಮೇಲೆ ನಾನು ಬರೆದದ್ದು ಅಂಗಡಿ ಸಾಮಾನಿನ ಚೀಟಿಗಳು, ಅದು ಬಿಟ್ಟರೆ ಎರಡೇ ಎರಡು ಕಾಗದ. ಆ ಎರಡು ಕಾಗದಗಳ ವಿಷಯ ಹೇಳಲಿಕ್ಕೇ ಈ ಮೂರನೆಯದನ್ನು ಬರೆಯುತ್ತಿದ್ದೇನೆ. ನೀವು ನನ್ನನ್ನು ನೋಡಿಲ್ಲ. ನೀವು ಮನೆ ಬಿಟ್ಟು ಐದು ವರ್ಷವಾದ ಮೇಲೆ ನಾನು ಹುಟ್ಟಿದವಳು.

ಅತ್ತೆ, ಅಜ್ಜಿ ಹೋದರು. ಆಷಾಢದ ಏಕಾದಶಿ ಕಳೆದು ಮಾರನೆಯ ದಿನ, ಬೆಳಿಗ್ಗೆ. ನಿಮಗೆ ಯಾರಾದರೂ ಹೇಳಿದರೋ ಇಲ್ಲವೋ ತಿಳಿಯದು. ನಮ್ಮ ಮನೆಯಿಂದ ಯಾರೂ ಹೇಳಿ ಕಳಿಸಲಿಲ್ಲ. ಕೇಳಬೇಕು ಅಂತ ನಾನು ಅಪ್ಪನ ಹತ್ತಿರ ಎರಡು ಸಲ ಹೋದೆ. ಎರಡು ಸಲವೂ, ನೀರು ಬೇಕಾ ಅಪ್ಪ ಅಂತ ಕೇಳಿ ವಾಪಸು ಬಂದೆ.

ಅಜ್ಜಿಗೆ ತಮ್ಮ ವಯಸ್ಸು ಗೊತ್ತಿರಲಿಲ್ಲ. ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದ ವರ್ಷ ದೊಡ್ಡಪ್ಪ ಹೊಟ್ಟೆಯಲ್ಲಿದ್ದರು ಅನ್ನುತ್ತಿದ್ದರು. ಆ ಲೆಕ್ಕಕ್ಕೆ ಎಂಬತ್ತೈದು ದಾಟಿತ್ತು. ಹನ್ನೆರಡನೇ ವಯಸ್ಸಿಗೆ ಆ ಮನೆಗೆ ಬಂದರಂತೆ. ಐದು ಜನ ಮೈದುನರನ್ನು ಸಾಕಿ, ಎಂಟು ಹೆತ್ತು, ನಾಲ್ಕನ್ನು ಉಳಿಸಿಕೊಂಡರು. ಇದೆಲ್ಲ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ನೀವು ನೋಡದ ಇಪ್ಪತ್ತೈದು ವರ್ಷದ ಅಜ್ಜಿಯನ್ನು ಮಾತ್ರ ನಾನು ಹೇಳಬಲ್ಲೆ.

ಸೊಂಟ ಬಾಗಿ ಹೋಗಿತ್ತು. ಆದರೂ ಧನುರ್ಮಾಸದಲ್ಲಿ ಕೋಳಿ ಕೂಗುವ ಮುಂಚೆ ತಣ್ಣೀರು ಹೊಯ್ದುಕೊಂಡು ಹುಗ್ಗಿಗೆ ಇಡುತ್ತಿದ್ದರು. ಮನೆಯವರೆಲ್ಲ ಉಂಡಾಯಿತು ಅಂತ ಒಬ್ಬೊಬ್ಬರ ತಟ್ಟೆ ನೋಡದೆ ತಾವು ಕೂರುತ್ತಿರಲಿಲ್ಲ. ಹುಳು ನಾಲ್ಕನೇ ಜ್ವರಕ್ಕೆ ಕೂತು, ಪೊರೆ ಕಳಚಲು ಮೇವು ಬಿಟ್ಟು ತಲೆಯೆತ್ತಿಕೊಂಡು ನಿಂತಾಗ, ವಾಸನೆ ಆಗದು ಅಂತ ಮನೆಯಲ್ಲಿ ಒಗ್ಗರಣೆ ಹಾಕಲು ಬಿಡುತ್ತಿರಲಿಲ್ಲ. ಒಂದು ದಿನ ಅಪ್ಪ ಸಪ್ಪೆ ಸಾರು ನೋಡಿ, ಹುಳಕ್ಕೆ ಮಾಡೋ ಉಪಚಾರ ನಮಗೂ ಒಂಚೂರು ಮಾಡಮ್ಮ ಅಂದರು. ಅದಕ್ಕೆ ಅಜ್ಜಿ, ಹುಳ ಉಗುಳಿದ್ದು ರೇಷ್ಮೆ ಆಗ್ತದೆ, ನೀನು ಉಗುಳಿದ್ದು ಏನಾಗ್ತದಪ್ಪ ಅಂದರು. ಅಪ್ಪನೂ ನಕ್ಕರು. ಅಪ್ಪ ನಕ್ಕದ್ದನ್ನು ನಾನು ಹೆಚ್ಚು ನೋಡಿಲ್ಲ.

ಶನಿವಾರ ಮಾತ್ರ ಅಜ್ಜಿ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಆ ದಿನ ಅವರದು ಒಪ್ಪತ್ತು. ದೀಪ ಹಚ್ಚಿ ಸಾಯಂಕಾಲದವರೆಗೆ ವೆಂಕಟರಮಣನ ಪಟದ ಮುಂದೆ ಕೂರುತ್ತಿದ್ದರು. ವಯಸ್ಸಾಯ್ತು, ಬಿಡಮ್ಮ ಅಂತ ಎಲ್ಲರೂ ಹೇಳಿದರು, ಬಿಡಲಿಲ್ಲ. ಅದು ಯಾರಿಗೋಸ್ಕರ ಅಂತ ನನಗೆ ಗೊತ್ತಾದದ್ದು ಹನ್ನೆರಡನೇ ವರ್ಷದಲ್ಲಿ, ಅವರ ಕಾಲಿಗೆ ಎಣ್ಣೆ ತಿಕ್ಕುವಾಗ. ನೀವು ಮಾವನವರ ಜೊತೆ ಹೋದ ಮೂರನೇ ದಿನ ತಾತ ಕೆರೆಯಲ್ಲಿ ಮುಳುಗೆದ್ದು, ನೀವು ಸತ್ತಿರಿ ಅಂತ ನಿಮ್ಮ ಹೆಸರಿಗೆ ಎಳ್ಳುನೀರು ಬಿಟ್ಟರಲ್ಲ, ಅದನ್ನು ಹೇಳಿದರು. ಬದುಕಿರೋ ಮಗಳಿಗೆ ನಿಮ್ಮ ತಾತ ಬಿಟ್ಟ ನೀರು ಅವಳ ಆಯಸ್ಸಿಗೆ ತಗುಲಬಾರದು, ಅದಕ್ಕೆ ನಾನು ಅಡ್ಡ ಕೂತಿರಬೇಕು ಕಣಮ್ಮ ಅಂದರು. ನನಗೊಬ್ಬ ಸೋದರತ್ತೆ ಇದ್ದಾರೆ ಅಂತ ನಾನು ಕೇಳಿದ್ದು ಅದೇ ಮೊದಲು.

ಬಳೆ ಮಾರುವ ಅಮ್ಮಾಜಮ್ಮ ನೀವಿರುವ ಚಿಂತಾಮಣಿಗೆ ಬಂದಾಗಲೆಲ್ಲ ನಿಮ್ಮ ಸುದ್ದಿ ತಂದು ಅಜ್ಜಿಗೆ ಮುಟ್ಟಿಸುತ್ತಿದ್ದರು. ಮಾವನವರ ಟೈಲರ್ ಅಂಗಡಿಯ ರಶೀದಿ ಒಂದನ್ನು ತಂದುಕೊಟ್ಟಿದ್ದರು. ಅಜ್ಜಿಗೆ ಓದು ಬಾರದು. ಆದರೂ ಅದನ್ನು ಪಟದ ಹಿಂದೆ ಇಟ್ಟುಕೊಂಡಿದ್ದರು. ಹೋದ ವರ್ಷ ಅಮ್ಮಾಜಮ್ಮನಿಗೆ ಮಂಡಿ ಹಿಡಿದುಕೊಂಡು ಊರು ತಿರುಗುವುದು ನಿಂತಿತು. ನಿಮ್ಮ ಸುದ್ದಿಯೂ ನಿಂತಿತು. ಹಾಗಾಗಿ ಈ ವರ್ಷ ಶಿವರಾತ್ರಿ ಆದ ಮೇಲೆ ಒಂದು ಮಧ್ಯಾಹ್ನ ಅಮ್ಮ ಸೊಪ್ಪಿಗೆ ಹೋಗಿದ್ದಾಗ ಅಜ್ಜಿ ನನ್ನನ್ನು ಕರೆದು ಆ ರಶೀದಿ ಕೊಟ್ಟು, ಅದರಲ್ಲಿರುವ ವಿಳಾಸಕ್ಕೆ ನಿಮಗೆ ಕಾಗದ ಬರಿ ಅಂದರು.

ಅವರು ಹೇಳಿದಂತೆಯೇ ಬರೆದೆ. ನಿಮ್ಮ ಹಲ್ಲುನೋವು ಈಗ ಹೇಗಿದೆ ಅಂತ ಮೊದಲು ಕೇಳಿಸಿದರು. ಕಣ್ಣು ಮಂಜಾಗಿದೆ, ನೀನು ಬಂದರೆ ಮುಖ ಮುಟ್ಟಿ ನೋಡುತ್ತೇನೆ ಅಂತ ಬರೆಸಿದರು. ನಿಮ್ಮಣ್ಣ ಬೈದರೆ ಬೈಸಿಕೋ, ಅವನು ಬೈದು ಮುಗಿಸಿ ಸುಮ್ಮನಾಗುವವನು ಅಂದರು. ಶನಿವಾರ ಬರಬೇಡ, ಅವತ್ತು ನಿನ್ನ ಜೊತೆ ಊಟಕ್ಕೆ ಕೂರಲು ಆಗುವುದಿಲ್ಲ ಅಂತ ಕೊನೆಗೆ ಸೇರಿಸಿದರು.

ಆ ಕಾಗದ ನಿಮಗೆ ಸೇರಲಿಲ್ಲ. ಅದು ಅಂಚೆಯವರ ತಪ್ಪಲ್ಲ. ಡೈರಿ ಪಕ್ಕದ ಅಂಚೆ ಡಬ್ಬಿಯವರೆಗೆ ಹೋಗಿ, ಹಾಲು ಹಾಕಲು ಬಂದವರು ನೋಡುತ್ತಾರೆ ಅಂತ ವಾಪಸು ತಂದೆ. ಹೀಗೆ ಬರೆದರೆ ಅದೂ ಸುಳ್ಳೇ ಆಗುತ್ತದೆ. ಅವತ್ತು ಅಲ್ಲಿ ಯಾರೂ ಇರಲಿಲ್ಲ. ಆಗ ನನಗೆ ಈ ನಗರಗೆರೆಯ ಸಂಬಂಧ ಒಪ್ಪಿಗೆಯಾಗಿ ವೈಶಾಖಕ್ಕೆ ಮದುವೆ ಅಂತ ಗೊತ್ತಾಗಿತ್ತು. ಅದಕ್ಕೆ ಮುಂಚೆ ಗೌರಿಬಿದನೂರಿನ ಒಂದು ಸಂಬಂಧ, ನಿಮ್ಮ ವಿಷಯ ಯಾರೋ ಕಿವಿಗೆ ಹಾಕಿ, ಮುರಿದುಹೋಗಿತ್ತು. ಮದುವೆ ಆಗೋವರೆಗೆ ಆ ಹೆಸರು ಎತ್ತಬೇಡ ಅಂತ ಅಮ್ಮ ನನಗೆ ಹೇಳಿಟ್ಟಿದ್ದರು. ನೀವು ಬಂದು ಜಗುಲಿ ಮೇಲೆ ಕೂತರೆ ಊರೆಲ್ಲ ಗೊತ್ತಾಗುತ್ತದೆ, ಇದೂ ಹೋಗುತ್ತದೆ ಅಂತ ಹೆದರಿದೆ. ಮದುವೆ ಮುಗಿದ ಮೇಲೆ ಹಾಕಿದರಾಯಿತು ಅಂತ ಕಾಗದವನ್ನು ಟ್ರಂಕಿನಲ್ಲಿ ರವಿಕೆ ಬಟ್ಟೆಗಳ ಅಡಿಗೆ ಇಟ್ಟೆ. ಹಾಕಿದೆ ಅಜ್ಜಿ ಅಂದೆ.

ಮಾರನೆಯ ದಿನದಿಂದ ಅಜ್ಜಿ ಪೋಸ್ಟ್ ಬಯ್ಯಪ್ಪನ ಸೈಕಲ್ಲಿಗೆ ಕಿವಿ ಕೊಟ್ಟುಕೊಂಡು ಜಗುಲಿಯಲ್ಲಿ ಕೂರತೊಡಗಿದರು. ದಿನಾ ಅವರನ್ನು ನಿಲ್ಲಿಸಿ ಕೇಳುತ್ತಿದ್ದರು. ಬಯ್ಯಪ್ಪ, ಬಂದ್ರೆ ನಾನೇ ಓದಿ ಹೇಳಿ ಒಂದು ಲೋಟ ಕಾಫಿ ಕುಡ್ಕಂಡು ಹೋಗ್ತೀನಿ ಬಿಡಜ್ಜಿ ಅನ್ನುತ್ತಿದ್ದರು. ಅಜ್ಜಿ ಅವರಿಗೆ ಬರಿಗೈಯಲ್ಲಿ ಬಂದ ದಿನವೂ ಕಾಫಿ ಕೊಡಿಸಿದರು. ಹೀಗೆ ಒಂದು ತಿಂಗಳು. ಯುಗಾದಿ ಹತ್ತಿರ ಬಂದಾಗ ಊಟ ಕಮ್ಮಿ ಮಾಡಿದರು. ನನಗೆ ನೋಡಲಾಗಲಿಲ್ಲ. ಆಗ ನಾನು ಎರಡನೆಯ ಕಾಗದ ಬರೆದೆ.

ಅದನ್ನು ನಿಮ್ಮ ಹೆಸರಿನಲ್ಲಿ ಬರೆದೆ, ಅತ್ತೆ. ಬಯ್ಯಪ್ಪ ಬೀದಿಯಲ್ಲಿ ಸಿಕ್ಕಿ ಕೊಟ್ಟರು ಅಂತ ಹೇಳಿ ಅಜ್ಜಿಯ ಮುಂದೆ ಕೂತು ಓದಿದೆ. ಪ್ರೀತಿಯ ಅಮ್ಮನಿಗೆ ಜ್ಯೋತಿ ಮಾಡುವ ನಮಸ್ಕಾರ, ನಾನು ಚೆನ್ನಾಗಿದ್ದೇನೆ, ಹೊಲಿಗೆ ಕೆಲಸ ಬಹಳ ಇದೆ, ಮಳೆಗಾಲ ಮುಗಿದ ಮೇಲೆ ಬರುತ್ತೇನೆ ಅಂತ ಇತ್ತು. ಅಜ್ಜಿ ಇನ್ನೊಂದು ಸಲ ಓದಿಸಿದರು. ಅಮ್ಮ ಅಂತ ಬರ್ದವಳಾ ಅಂತ ಕೇಳಿದರು. ಹೂಂ ಅಂದೆ. ಕಾಗದವನ್ನು ಕೈಯಿಂದ ಸವರಿದರು. ಕಷ್ಟಬಿದ್ದು ಬರ್ದವಳೆ, ಒಳ್ಳೇ ಮಗು ಅಂದರು. ಆಮೇಲೆ ನನ್ನ ತಲೆಯನ್ನೂ ಸವರಿದರು. ಅವತ್ತಿನಿಂದ ಬಯ್ಯಪ್ಪನನ್ನು ನಿಲ್ಲಿಸಲಿಲ್ಲ. ಅವರಿಗೆ ಸಮಾಧಾನ ಆಯಿತು ಅಂದುಕೊಂಡೆ.

ನನ್ನ ಮದುವೆ ಆಯಿತು. ಆ ಗಡಿಬಿಡಿಯಲ್ಲಿ ಕಾಗದ ಮರೆತೆ ಅಂತ ಹೇಳಲಾರೆ. ಟ್ರಂಕಿನ ಜೊತೆ ಅದೂ ಇಲ್ಲಿಗೆ ಬಂತು. ಪ್ರತಿ ಸಲ ಬಟ್ಟೆ ತೆಗೆಯುವಾಗ ಕೈಗೆ ಸಿಗುತ್ತಿತ್ತು. ಈಗ ಕಳಿಸಿದರೆ ನಾಲ್ಕು ತಿಂಗಳು ಯಾಕೆ ತಡ ಅಂತ ನೀವು ಕೇಳುತ್ತೀರಿ, ಸುಳ್ಳು ಕಾಗದದ ವಿಷಯ ಹೊರಗೆ ಬರುತ್ತದೆ ಅಂತ ಮತ್ತೆ ಅಲ್ಲೇ ಇಡುತ್ತಿದ್ದೆ. ಆಷಾಢಕ್ಕೆ ತವರಿಗೆ ಹೋದಾಗ ಅಜ್ಜಿ ಬಿದ್ದು, ಮಾತು ನಿಂತು ನಾಲ್ಕು ದಿನ ಆಗಿತ್ತು. ನನ್ನ ಬಲಗೈ ಹಿಡಿದು ಬೆರಳುಗಳನ್ನು ಒಂದೊಂದಾಗಿ ಒತ್ತುತ್ತಿದ್ದರು. ಏನು ಹೇಳಬೇಕಾಗಿತ್ತೋ.

ಹನ್ನೊಂದನೇ ದಿನ ಅಮ್ಮಾಜಮ್ಮ ಕೋಲೂರಿಕೊಂಡು ಬಂದರು. ಹಿತ್ತಲಲ್ಲಿ ನನ್ನ ಪಕ್ಕ ಕೂತು ಹಳೆಯದನ್ನೆಲ್ಲ ಹೇಳುತ್ತಿದ್ದರು. ಚಿಕ್ಕತಾತಂದಿರು ಐದೂ ಜನ ಅಜ್ಜಿಯನ್ನು ತೆಲುಗಿನಲ್ಲಿ ಅತ್ತಿಗೆಯನ್ನು ಕರೆಯುವಂತೆ ವದಿನಾ ಅನ್ನುತ್ತಿದ್ದರಂತೆ. ಅವರ ತೊಡೆಯ ಮೇಲೆ ಬೆಳೆದ ನೀವೂ ಹೆತ್ತ ತಾಯಿಯನ್ನು ವದಿನಾ ಅಂತಲೇ ಕರೆದಿರಂತೆ. ಆ ಜ್ಯೋತಿ ಬಾಯಲ್ಲಿ ಅಮ್ಮ ಅನ್ನೋದು ಒಂದಿನ ಬರಲಿಲ್ಲ, ಎಷ್ಟು ಹೊಡೆದ್ರೂ ವದಿನಾನೇ ಅಂತ ಅಮ್ಮಾಜಮ್ಮ ನಕ್ಕರು.

ಅಜ್ಜಿಗೆ ಮೊದಲ ಮಾತಿಗೇ ಗೊತ್ತಾಗಿತ್ತು, ಅತ್ತೆ. ಆದರೆ ತಮ್ಮ ಕಾಗದ ಅಂಚೆಗೆ ಬಿದ್ದೇ ಇಲ್ಲ ಅನ್ನುವುದು ಗೊತ್ತಿರಲಿಲ್ಲ. ಮಗಳು ಉತ್ತರ ಬರೆಯಲಿಲ್ಲ, ಮುದುಕಿ ಕೊರಗಬಾರದು ಅಂತ ಮೊಮ್ಮಗಳು ತಾನೇ ಬರೆದಳು ಅಂತ ತಿಳಿದುಕೊಂಡರು. ಅದಕ್ಕೇ ನನ್ನನ್ನು ಒಳ್ಳೇ ಮಗು ಅಂದದ್ದು. ನೀವು ಬೇಡ ಅಂದಿರಿ ಅಂತಲೇ ನಂಬಿ ಅವರು ಹೋದರು. ನನ್ನಿಂದ ಆದದ್ದು ಇದು.

ಇನ್ನೊಂದು ವಿಷಯವನ್ನೂ ನೀವು ತಿಳಿಯಬೇಕು. ಆ ಸುಳ್ಳು ಕಾಗದ ಓದಿದ್ದು ಒಂದು ಗುರುವಾರ. ನೀವು ಉತ್ತರ ಕೊಡಲಿಲ್ಲ ಅಂತ ತಿಳಿದ ಮೂರನೇ ದಿನ ಶನಿವಾರ ಬಂತು. ಅಜ್ಜಿ ಸ್ನಾನ ಮಾಡಿ ದೀಪ ಹಚ್ಚಿ ಎಂದಿನಂತೆ ಕೂತರು. ಬೀಳುವ ಹಿಂದಿನ ಶನಿವಾರದವರೆಗೂ ಒಂದು ವಾರ ತಪ್ಪಿಸಲಿಲ್ಲ ಅಂತ ಅಮ್ಮನೇ ಹೇಳಿದರು.

ಅವರು ಬರೆಸಿದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಮಡಿಕೆಯಲ್ಲಿ ಸ್ವಲ್ಪ ಹರಿದಿದೆ. ಕ್ಷಮಿಸಿ ಅಂತ ಬರೆದು ಎರಡು ಸಲ ಹೊಡೆದುಹಾಕಿದೆ, ಹಾಗೆ ಕೇಳುವ ಮುಖ ನನಗಿಲ್ಲ. ನೀವು ಬೈದು ಬರೆದರೂ ಓದುತ್ತೇನೆ.

ನಿಮ್ಮ ಎದುರು ನಿಲ್ಲಲು ಹೆದರುವ, ನಿಮ್ಮ ಅಣ್ಣನ ಮಗಳು,
ಶಿರೀಷಾ

ತಾ.ಕ.: ಇದನ್ನು ನಿನ್ನೆ ಬರೆದು ಮುಗಿಸಿದ್ದೆ. ಇವತ್ತು ಬೆಳಿಗ್ಗೆ ನಮ್ಮ ಅತ್ತೆಮ್ಮ ಚಿಕ್ಕವೆಂಕಟಮ್ಮನವರ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಇನ್ನು ಯಾವುದನ್ನೂ ಕದ್ದು ಮಾಡಬಾರದು ಅನಿಸಿ, ಚಿಂತಾಮಣಿಯಲ್ಲಿ ನನಗೊಬ್ಬ ಸೋದರತ್ತೆ ಇದ್ದಾರೆ, ಅವರಿಗೆ ಕಾಗದ ಹಾಕಬೇಕು ಅಂದೆ. ಅವರು ತಲೆಯೆತ್ತದೆ, ಗೊತ್ತು ಕಣಮ್ಮ ಅಂದರು. ಸಂಕ್ರಾಂತಿ ವಾರ ಹೆಣ್ಣು ನೋಡಲು ಬಂದಾಗ ಅಜ್ಜಿ ಅವರನ್ನು ದೇವರ ಮನೆಗೆ ಕರೆದುಕೊಂಡು ಹೋಗಿ ತಾವೇ ಹೇಳಿದ್ದರಂತೆ. ನನಗೆ ಇನ್ನೊಬ್ಬಳು ಮಗಳವಳೆ, ಬೇರೆ ಜನದೋನ್ನ ಮದುವೆ ಆಗವಳೆ, ಬೇಡ ಅನ್ನಂಗಿದ್ರೆ ತಿಂಡಿ ತಿಂದು ಹೊರಟುಬಿಡಿ, ಆಮೇಲೆ ನನ್ನ ಮೊಮ್ಮಗಳನ್ನ ಆಡ್ಕೋಬೇಡಿ ಅಂದರಂತೆ. ನಾವು ತಿಂಡಿ ತಿಂದು ಕೂತೇ ಇದ್ವಲ್ಲ, ನಿನಗೆ ಅಜ್ಜಿ ಹೇಳಿರ್ತಾರೆ ಅಂದ್ಕೊಂಡಿದ್ದೆ ಅಂದರು. ಅದು ಸಂಕ್ರಾಂತಿಯಲ್ಲಿ. ಅಜ್ಜಿ ಕಾಗದ ಬರೆಸಿದ್ದು ಶಿವರಾತ್ರಿ ಆದ ಮೇಲೆ. ಮೊರದಲ್ಲಿ ಇನ್ನೂ ಅರ್ಧ ಕಾಯಿ ಇತ್ತು, ಅದನ್ನು ಸುಲಿದು ಮುಗಿಸಿದೆ.