ಹದಿನೇಳನೇ ವರ್ಷನ್

4 ಆಗಸ್ಟ್ 2025, ಸೋಮವಾರ

ಬೆಳಿಗ್ಗೆ ಬ್ಯಾಕಪ್ ತೆಗೆದೆ. ಓಪಿಡಿ ಚೀಟಿಯ ಪ್ರಿಂಟರ್ ಮತ್ತೆ ಕಾಗದ ನುಂಗಿತು. ಅಷ್ಟರಲ್ಲಿ ರೋಹಿಣಿ ಮೇಡಮ್ ನಮ್ಮಿಬ್ಬರನ್ನೂ ಚೇಂಬರಿಗೆ ಕರೆದರು — ನನ್ನನ್ನು, ಗೌರೀಶನನ್ನು. ಆಸ್ಪತ್ರೆ ಅವರದೇ. ಸುತ್ತಿ ಬಳಸಿ ಮಾತಾಡುವವರಲ್ಲ.

"ಪೋಸ್ಟ್‌ಗ್ರೆಸ್ ಡೇಟಾಬೇಸ್ ಹಳೇದಾತು. ಈ ತಿಂಗಳದಾಗ ಹೊಸಾದು, ಹದಿನೇಳನೇ ವರ್ಷನ್, ಹಾಕೂದು. ಆಮ್ಯಾಲೆ ಸಿಸ್ಟಮ್ ನೋಡ್ಕೊಳ್ಳಾಕ ಒಬ್ರು ಸಾಕು. ಇನ್ನೊಬ್ರು ಔಷಧಿ ಕೌಂಟರಿಗೆ."

ಯಾರು ಎಂದು ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ. ಹೊರಗೆ ಬಂದಾಗ ಗೌರೀಶ ನಗುತ್ತಿದ್ದ. ಇಬ್ಬರದೂ ಒಂದೇ ಡಿಪ್ಲೊಮಾ, ಸೇರಿದ್ದೂ ಒಟ್ಟಿಗೇ. ಹೋದ ತಿಂಗಳು ಹುಬ್ಬಳ್ಳಿಯ ಡೇಟಾಬೇಸ್ ಟ್ರೇನಿಂಗಿಗೆ ಕಳಿಸಿದ್ದು ಮಾತ್ರ ಅವನನ್ನು. ನನಗೆ ಮೇಡಮ್ ಅಂದದ್ದು — "ದಿನಾ ತಿರ್ಲಾಪುರದಿಂದ ನವಲಗುಂದಕ್ಕ ಬರ್ತೀರಿ. ಹುಬ್ಬಳ್ಳಿಗೆ ಹ್ಯಾಂಗ ಹೋಗ್ತೀರಿ ಮುಬಶಿರಾ?" ಹುಬ್ಬಳ್ಳಿಗೂ ಬಸ್ಸೇ ಹೋಗುತ್ತದೆ.

7 ಆಗಸ್ಟ್, ಗುರುವಾರ

ಟ್ರೇನಿಂಗಿನಲ್ಲಿ ಕೊಟ್ಟ ವಿಡಿಯೊ, ನೋಟ್ಸ್ ಎಲ್ಲ ಅವನ ಪೆನ್‌ಡ್ರೈವಿನಲ್ಲಿವೆ. ಕೇಳಿದೆ. ಕೇಳಬಾರದಿತ್ತು.

"ಕಾಪಿ ಮಾಡ್ಕೊಂಡು ನಾಳೆನ ಕೊಡ್ತೀನ್ರಿ."

"ಯಾಕ? ಕೌಂಟರ್‌ದಾಗ ಗುಳಗಿ ಎಣಸಾಕ ಪೋಸ್ಟ್‌ಗ್ರೆಸ್ ಬೇಕಾಗೂದಿಲ್ಲ."

ಮಾತಿಗೆ 'ರಿ' ಹಚ್ಚುವುದನ್ನೂ ಬಿಟ್ಟಿದ್ದಾನೆ. ಲ್ಯಾಬಿನ ಸಾಧಿಕ್ ಪಕ್ಕದಲ್ಲೇ ನಿಂತಿದ್ದ. ನೆಲ ನೋಡಿದ.

ಇರಲಿ. ಅವನ ಪೆನ್‌ಡ್ರೈವ್ ಅವನೇ ಇಟ್ಟುಕೊಳ್ಳಲಿ... ಸುಟ್ಟುಹೋಗಲಿ.

10 ಆಗಸ್ಟ್, ರವಿವಾರ

ಹುಬ್ಬಳ್ಳಿಗೆ ಹೋಗಿದ್ದೆ. ಎಲ್ಲ ಅಂಗಡಿ ಸುತ್ತಿ ಸಿಕ್ಕಿದ್ದು ಒಂಬತ್ತನೇ ವರ್ಷನ್ನಿನ ಪುಸ್ತಕ. ಆಸ್ಪತ್ರೆಯಲ್ಲಿ ಈಗಿರುವುದೇ ಆ ವರ್ಷನ್.

"ಎಲ್ಲಾ ಒಂದ ಇರ್ತೈತ್ರಿ ಅಕ್ಕಾರ. ನಂಬರ್ ಅಷ್ಟ ಬದಲಿ," ಅಂದ ಅಂಗಡಿಯವನು. ಪುಸ್ತಕವನ್ನು ಅವನೆದುರು ಕುಕ್ಕಿ ಬಂದೆ.

ಯೂಟ್ಯೂಬಿನಲ್ಲಿ ಹಿಂದಿಯವನೊಬ್ಬ ಅರ್ಧ ತಾಸು ಇನ್‌ಸ್ಟಾಲ್ ಮಾಡುವುದನ್ನೇ ತೋರಿಸಿ, ಮುಂದಿನದು ಕ್ಲಾಸಿಗೆ ಸೇರಿದವರಿಗೆ ಮಾತ್ರ ಎನ್ನುತ್ತಾನೆ. ಟೆಲಿಗ್ರಾಮ್ ಗುಂಪಿನಲ್ಲಿ ಬರೀ ನೌಕರಿ ಜಾಹೀರಾತು. ಕನ್ನಡದಲ್ಲಿ ಒಂದು ವಿಡಿಯೊ ಇದೆ. ಅದಕ್ಕೆ ದನಿಯೇ ಇಲ್ಲ.

ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ. "ರವಿವಾರನೂ ಊರ ತಿರಗತಿ. ಹೊಲದಾಗ ಹೆಸರುಕಾಯಿ ಬಿಡಸಾಕ ಯಾರ ಬರಬೇಕು?" ಒಳಗೆ ಹೋದೆ. ನಿಂತಿದ್ದರೆ ಜಗಳ.

14 ಆಗಸ್ಟ್, ಗುರುವಾರ — ಬಸ್ಸಿನಲ್ಲಿ

ಸಿಕ್ಕಿತು. ಸಾಫ್ಟ್‌ವೇರ್ ಮಾಡಿದವರ ವೆಬ್‌ಸೈಟಿನಲ್ಲೇ. ಇಡೀ ಮ್ಯಾನ್ಯುಅಲ್, ಪುಕ್ಕಟೆ. ಕೊನೆಯಲ್ಲಿ ರಿಲೀಸ್ ನೋಟ್ಸ್ — ಯಾವ ವರ್ಷನ್ನಿನಲ್ಲಿ ಏನು ಬದಲಾಯಿತು, ಹಳೆಯದರಿಂದ ಬರುವವರು ಯಾವುದಕ್ಕೆ ಎಚ್ಚರವಾಗಿರಬೇಕು, ಎಲ್ಲ ಇದೆ.

ಇಂಗ್ಲಿಷ್ ಕಲ್ಲಿನಂತಿದೆ. ಒಂದು ಪ್ಯಾರಾ ತಿಳಿಯುವಷ್ಟರಲ್ಲಿ ನವಲಗುಂದ ಬರುತ್ತದೆ. ಹತ್ತನೆಯದರಿಂದ ಶುರು ಮಾಡಿ ಹದಿನೇಳರ ತನಕ ಓದಬೇಕು. ಓದುತ್ತೇನೆ.

21 ಆಗಸ್ಟ್, ಗುರುವಾರ

ಹದಿನೈದರ ನೋಟ್ಸಿನಲ್ಲಿ ಒಂದು ಪ್ಯಾರಾವನ್ನು ಎರಡು ಸಲ ಓದಿದೆ. ಹೊಸದಾಗಿ ಮಾಡಿದ ಡೇಟಾಬೇಸಿನಲ್ಲಿ ಯಾವ ಯೂಸರ್ ಬೇಕಾದರೂ ಟೇಬಲ್, ಅಂದರೆ ಡೇಟಾ ಬರೆಯುವ ಪಟ್ಟಿ, ಮಾಡುವಂತಿಲ್ಲ. ಅನುಮತಿ ಬೇರೆಯಾಗಿ ಕೊಡಬೇಕು. ನಮ್ಮ ಲ್ಯಾಬಿನ ಪ್ರೋಗ್ರಾಮ್ ಪ್ರತಿ ತಿಂಗಳ ಒಂದನೇ ತಾರೀಖು ಹೊಸ ಟೇಬಲ್ ಮಾಡಿಕೊಂಡೇ ರಿಪೋರ್ಟ್ ಬರೆಯುತ್ತದೆ.

ಈ ರವಿವಾರ ಗೌರೀಶ ಹೊಸ ಡೇಟಾಬೇಸ್ ಮಾಡಿ ಹಳೆಯ ಡೇಟಾ ತುಂಬುವವನಿದ್ದಾನೆ. ಒಂದನೇ ತಾರೀಖಿನ ತನಕ ಎಲ್ಲ ಸರಿ. ಆ ದಿನ ಲ್ಯಾಬ್ ನಿಲ್ಲುತ್ತದೆ.

ನಿಲ್ಲಲಿ ಅನ್ನಿಸಿತು. ಚಹಾ ಮುಗಿಯುವ ತನಕ ಅದೇ ಖುಷಿ. ಆಮೇಲೆ ಲ್ಯಾಬ್ ಮುಂದಿನ ಬೆಂಚಿನಲ್ಲಿ ಕಾಯುವ ರೋಗಿಗಳು ಕಣ್ಣಿಗೆ ಬಿದ್ದರು. ಹೋಗಿ ಗೌರೀಶನಿಗೆ ಹೇಳಿದೆ.

"ನಂಗ ಕಲಸಾಕ ಬಂದೀ? ಟ್ರೇನಿಂಗ್ ಮುಗಿಸಿ ಬಂದಾಂವ ನಾ."

"ಅನುಮತಿ ಕೊಡಾಕ ಒಂದ ಸಾಲಿನ ಕಮಾಂಡ್ ಐತಿ. ಹಾಕಿಬಿಡು."

"ನಿನ್ನ ಕೆಲಸ ನೀ ನೋಡ್ಕೋ."

ನಾನೂ 'ರಿ' ಬಿಟ್ಟೆ. ಸಂಜೆ ಮೇಡಮ್ ಹತ್ತಿರ ಹೋದೆ. ಗೌರೀಶನ ಹೆಸರು ಎತ್ತುತ್ತಿದ್ದಂತೆ ಕೈ ಎತ್ತಿದರು. "ನಿಮ್ಮಿಬ್ಬರ ಜಗಳ ನನ್ನ ಮುಂದ ತರಬ್ಯಾಡ್ರಿ." ಮುಗಿಯಿತು.

1 ಸೆಪ್ಟೆಂಬರ್, ಸೋಮವಾರ

ನಿಂತಿತು. ಬೆಳಿಗ್ಗೆ ಮೊದಲ ರಿಪೋರ್ಟಿಗೇ. ಸಾಧಿಕ್ ಮಷಿನ್ ನೋಡಿ ನೋಡಿ ಕೈಯಲ್ಲಿ ಬರೆಯತೊಡಗಿದ. ಸಾಲು ಗೇಟಿನ ತನಕ ಬೆಳೆಯಿತು. ಬೆಂಚಿನ ಮೇಲೆ ಸುಶೀಲವ್ವ ಎಂಬ ಸಕ್ಕರೆ ಕಾಯಿಲೆಯ ಮುದುಕಿ. "ರಿಪೋರ್ಟ್ ಬಂದು ಸೂಜಿ ಮಾಡೂಮಟ ಉಣಬ್ಯಾಡ ಅಂದಾರವಾ," ಎನ್ನುತ್ತಿದ್ದವಳು ಹಾಗೇ ವಾಲಿದಳು. ಮೈಯೆಲ್ಲ ಬೆವರು. ನರ್ಸ್ ಬಂದು ಸಕ್ಕರೆ ನೀರು ಕುಡಿಸಿ ಒಳಗೆ ಮಲಗಿಸಿದಳು. ಕಣ್ಣು ಬಿಟ್ಟಳು.

ಗೌರೀಶ ಕಂಪ್ಯೂಟರನ್ನು ಆರಿಸುತ್ತಿದ್ದ, ಹಚ್ಚುತ್ತಿದ್ದ. "ಏಳು," ಅಂದೆ. ಎದ್ದ. ಆ ಒಂದು ಸಾಲು ಟೈಪ್ ಮಾಡಿದೆ. ರಿಪೋರ್ಟುಗಳು ಬರತೊಡಗಿದವು.

ಹಿಂದೆ ಮೇಡಮ್ ನಿಂತಿದ್ದರು. ಗೌರೀಶ ಬಾಯಿ ತೆರೆದ. "ಮುಟ್ಟಿದ ಕೂಡ್ಲೇ ಸರಿ ಮಾಡಿದ್ಲು ನೋಡ್ರಿ. ಎಲ್ಲಿ ಕೆಟ್ಟೈತಿ ಅಂತ ಮೊದಲ ಹ್ಯಾಂಗ ಗೊತ್ತಿತ್ತು, ಕೇಳ್ರಿ."

ಮೇಡಮ್ ನಿಜವಾಗಿಯೂ ಕೇಳಿದರು.

"ಮ್ಯಾನ್ಯುಅಲ್‌ದಾಗ ಐತ್ರಿ. ಇವನಿಗೂ ಹೇಳಿದ್ದೆ. ನಿಮ್ಗೂ ಹೇಳಾಕ ಬಂದಿದ್ದೆ. ನೀವು ಬಿಡಲಿಲ್ಲ."

"ಅಂದ್ರ ತಪ್ಪು ನಂದು?"

ಸಾಧಿಕ್ ಕಡೆ ನೋಡಿದೆ. ಅವತ್ತು ನಾನು ಗೌರೀಶನಿಗೆ ಹೇಳುವಾಗ ಅವನೂ ಅಲ್ಲೇ ಇದ್ದ. ಈಗ ತಲೆ ಎತ್ತದೆ ಟೆಸ್ಟ್‌ಟ್ಯೂಬ್ ಜೋಡಿಸುತ್ತಲೇ ಇದ್ದ.

3 ಸೆಪ್ಟೆಂಬರ್, ಬುಧವಾರ

ಔಷಧಿ ಕೌಂಟರ್. ಸಿಸ್ಟಮ್ ಪಾಸ್‌ವರ್ಡ್ ಬದಲಾಯಿಸಿದ್ದಾರೆ. ನನ್ನಿಂದಲೇ ಕೆಟ್ಟಿತು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಲ್ಲ ಎಂದೂ ಹೇಳಲಿಲ್ಲ.

29 ಸೆಪ್ಟೆಂಬರ್, ಸೋಮವಾರ

ಗಿರಾಕಿ ಇಲ್ಲದ ಹೊತ್ತು ನೋಡಿ ಗೌರೀಶ ಕೌಂಟರಿಗೆ ಬಂದ.

"ಹದಿನೆಂಟು ಬಿಟ್ಟಾರಂತ. ಏನ ಬದಲಿ ಆಗೈತಿ ಅಂತ ಮೇಡಮ್ ಕೇಳ್ತಾರ. ನೀ ಎಲ್ಲಿ ಕಲತಿ, ಖರೇ ಹೇಳು."

"ವೆಬ್‌ಸೈಟ್‌ದಾಗ. ರಿಲೀಸ್ ನೋಟ್ಸ್. ಯಾರ ಬೇಕಾದ್ರೂ ಓದಬಹುದು."

"ಹೇಳೂದಿಲ್ಲ ಅಂದ್ರ ಹೇಳೂದಿಲ್ಲ ಅನ್ನು. ಸುಳ್ಳ್ಯಾಕ? ಯಾರೋ ಕಲಿಸ್ಯಾರ ನಿಂಗ. ಹೆಸರು ಹೇಳು."

ಫೋನಿನಲ್ಲಿ ತೆರೆದು ಕೈಗೇ ಕೊಟ್ಟೆ. ಬೆರಳಿನಿಂದ ಮೇಲೆ ಕೆಳಗೆ ಸರಿಸಿದ.

"ಇದರಾಗೇನೈತಿ. ಬರೇ ಓದೂದು."

ಗಾಜಿನ ಮೇಲೆ ಫೋನ್ ಒಗೆದು ಹೋದ. ಫೋನಿನ ಮೂಲೆಯಲ್ಲಿ ಸೀಳು ಬಿದ್ದಿದೆ. ಅಕ್ಷರ ಕಾಣುತ್ತವೆ. ಹದಿನೆಂಟರ ಪುಟ ತೆರೆದೇ ಇತ್ತು. ಮೊದಲ ಪ್ಯಾರಾ ತಿಳಿಯಿತು. ಎರಡನೆಯದನ್ನು ಓದುತ್ತಿದ್ದೇನೆ.